ಗೇಟ್ ದಿನ

ಜನವರಿ 9, ಬೆಳಿಗ್ಗೆ

‘ಕಾಲು ಮರೆತ ದಾರಿಯನ್ನು ಹುಲ್ಲು ನೆನೆಯುವುದು...’ ಹೀಗೇ ಇತ್ತೇ ಆ ಸಾಲು? ‘ನೆನೆಯುವುದು’ ಅಲ್ಲ, ‘ಕಾಯುವುದು’ ಇರಬೇಕು. ಎಂ.ಎ. ಓದುವಾಗ ಬಾಯಿಪಾಠವಿತ್ತು. ಯಾವುದಾಗಿದ್ದರೂ ಸುಳ್ಳೇ. ಹುಲ್ಲು ನೆನೆಯುವುದೂ ಇಲ್ಲ, ಕಾಯುವುದೂ ಇಲ್ಲ. ಎರಡು ಬೇಸಿಗೆ ಬಿಟ್ಟರೆ ದಾರಿಯನ್ನೇ ನುಂಗುತ್ತದೆ.

ಡೆನ್ಜಿಲ್‌ಗೆ ಓಟ್ಸ್ ಗಂಜಿ, ಮಾತ್ರೆ, ಬೂಟು. ದಾರ ನಾನು ಕಟ್ಟುತ್ತೇನೆ, ಅವನು ಕಿಟಕಿಯ ಕಡೆ ನೋಡುತ್ತಾನೆ. ನಡುಕದ ಕಾಯಿಲೆಗೆ ಡಾಕ್ಟರ್ ಹೇಳಿದ್ದರಲ್ಲಿ ನಿಜವಾಗಿ ಕೆಲಸ ಮಾಡುವುದು ಒಂದೇ: ದಿನವೂ ನಡಿಗೆ. ಹೊಸ್ತಿಲಲ್ಲಿ ಕಾಲು ಅಂಟಿಕೊಳ್ಳುತ್ತದೆ, ನೆಲಕ್ಕೆ ಮೊಳೆ ಹೊಡೆದ ಹಾಗೆ. ಟಕ್‌ವೆಲ್ ಹೊಲದ ದಾರಿಗೆ ಬಿದ್ದರೆ ಬಿಟ್ಟುಕೊಳ್ಳುತ್ತದೆ. ಸಪಾಟು ದಾರಿ. ಏರಿಲ್ಲ, ಬೇಲಿ ಹತ್ತಿ ದಾಟುವ ಮೆಟ್ಟಿಲಿಲ್ಲ. ಹೊಳೆಯವರೆಗೆ ಬೇಲಿಯ ಪಕ್ಕದಲ್ಲೇ. ಅಲ್ಲಿ ನನ್ನ ಕೈ ಹಿಡಿಯುತ್ತಾನೆ, ಭಾರ ಹಾಕುವುದಿಲ್ಲ. ಎಲ್ಲ ಗಂಡ ಹೆಂಡತಿ ಕೈ ಹಿಡಿದು ಹೋಗುವ ಹಾಗೆ ನಾವೂ, ಅಷ್ಟೆ.

ಇವತ್ತು ಗೇಟಿಗೆ ಹೊಸ ಸರಪಳಿ. ಹೊಸ ಬೀಗ. ಹಸಿರು ಹಲಗೆ: ‘ಖಾಸಗಿ ಜಮೀನು. ಸಾರ್ವಜನಿಕ ದಾರಿ ಇಲ್ಲ.’

ಡೆನ್ಜಿಲ್ ನಕ್ಕ. “ಗೇಟ್ ದಿನ ವರ್ಷಕ್ಕೊಂದೇ, ಅದು ಕಳೆದು ಎಷ್ಟು ದಿನ ಆಯ್ತು! ಯಾರೋ ಕ್ಯಾಲೆಂಡರ್ ನೋಡಿಲ್ಲ.”

ಆಮೇಲೆ ನಗಲಿಲ್ಲ. ಅಲ್ಲೇ ಕಾಲು ಅಂಟಿಕೊಂಡಿತು. ಮನೆಗೆ ತಿರುಗಿಸುವಷ್ಟರಲ್ಲಿ ಇಬ್ಬರೂ ಬೆವತಿದ್ದೆವು — ಈ ಚಳಿಯಲ್ಲಿ.

ಅದೇ ದಿನ, ಸಂಜೆ

ಪಕ್ಕದ ಮನೆಯಾಕೆ ಬೆರಿಲ್ ಓಲ್ಡಕರ್‌ಗೆ ಎಲ್ಲ ಗೊತ್ತು. ಯಾವಾಗಲೂ ಗೊತ್ತಿರುತ್ತದೆ.

“ಇಮೋಜೆನ್ ಹಾಕಿಸಿದ್ದು ಕಣಮ್ಮ. ಆಂಬ್ರೋಸ್‌ನ ಅಣ್ಣನ ಮಗಳು. ಹೊಲ ಎಲ್ಲಾ ಅವಳಿಗೇ ಬಂತಲ್ಲ. ಕುದುರೆ ಸಾಕ್ತಾಳಂತೆ. ಜನ ಕಂಡ್ರೆ ಅವಕ್ಕೆ ಗಾಬರಿಯಂತೆ.”

“ದನಗಳಿಗೆ ಆಗ್ತಿರ್ಲಿಲ್ಲವಲ್ಲ ಗಾಬರಿ.”

“ದನ ಲಂಡನ್ನಿಂದ ಬಂದಿರ್ಲಿಲ್ಲ, ವೆರಿಟಿ.”

ಮುದುಕ ಆಂಬ್ರೋಸ್ ಟಕ್‌ವೆಲ್ ಸತ್ತದ್ದು ಅಕ್ಟೋಬರಿನಲ್ಲಿ. ತ್ರಪ್‌ಕೋಟ್‌ನ ಊರಿಗೆ ಊರೇ ಚರ್ಚಿನಲ್ಲಿ ನಿಂತು ಅತ್ತಿತ್ತು. ನಾನೂ.

ಜನವರಿ 23

ಜಿಲ್ಲೆಯ ಕೌಂಟಿ ಕಚೇರಿಗೆ ಫೋನ್ ಮಾಡಿದೆ. ದಾರಿಗಳ ವಿಷಯ ನೋಡುವವರು ಮಿಸೆಸ್ ಸ್ಟ್ಯಾನಿಯರ್ — ಒಣ ದನಿ, ಆದರೆ ತಾಳ್ಮೆಯವರು. ಇಪ್ಪತ್ತು ವರ್ಷ ಊರವರು ಒಂದು ದಾರಿಯಲ್ಲಿ ಬಹಿರಂಗವಾಗಿ, ಬೇಲಿ ಮುರಿಯದೆ, ಯಾರ ಅಪ್ಪಣೆಯನ್ನೂ ಕೇಳದೆ ನಡೆದಿದ್ದರೆ ಅದು ಊರಿನ ದಾರಿಯೇ ಆಗುತ್ತದೆ. ಬೀಗ ತೆಗೆಸಬಹುದು.

“ಅಪ್ಪಣೆ ಕೇಳಿಲ್ಲ ತಾನೆ ಯಾರೂ?”

“ಕೇಳೋದೆ? ಉಸಿರಾಡೋಕೆ ಕೇಳ್ತೀವಾ?”

ಅವರಿಗೆ ಆ ಉತ್ತರ ಇಷ್ಟವಾಯಿತು ಅನ್ನಿಸಿತು. ತಾವೇ ಊರಿಗೆ ಬಂದು ಎಲ್ಲರ ಮಾತು ಕೇಳುತ್ತಾರಂತೆ. ಡೆನ್ಜಿಲ್‌ಗೆ ಹೇಳಿದೆ. ತಟ್ಟೆಯಲ್ಲಿದ್ದ ಎರಡು ಆಲೂಗಡ್ಡೆ ಹೆಚ್ಚು ತಿಂದ.

ಮನೆಯೊಳಗೇ ನಡೆಸುತ್ತಿದ್ದೇನೆ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಸರ್ಕಸ್ಸಿನ ಕರಡಿ ಅಂದ ತನ್ನನ್ನು.

ಫೆಬ್ರುವರಿ 13

ಗೆದ್ದೆವು ಅಂದುಕೊಂಡೇ ಹೋದೆ. ಊರಿನ ಸಭಾಂಗಣ ತುಂಬಿತ್ತು. ಟೀ, ನಿಂಬೆ ಕೇಕು, ಒದ್ದೆ ಕೋಟುಗಳ ವಾಸನೆ. ಇಮೋಜೆನ್ ಹಿಂದಿನ ಸಾಲಿನಲ್ಲಿ, ಕಾಲ ಮೇಲೆ ಕಾಲು. ಡೆನ್ಜಿಲ್‌ನನ್ನು ಮುಂದೆ ಕೂರಿಸಿದ್ದೆ, ಬೇಕೆಂದೇ. ಎಲ್ಲರಿಗೂ ಕಾಣಲಿ ಎಂದು.

ಒಬ್ಬೊಬ್ಬರೇ ಎದ್ದು ಹೇಳಿದರು. ಅಜ್ಜನ ಕಾಲದಿಂದ ನಡೆಯುತ್ತಿದ್ದೇವೆ. ನಾಯಿ ಕರೆದುಕೊಂಡು, ಮಗುವಿನ ಗಾಡಿ ತಳ್ಳಿಕೊಂಡು. ಮಿಸೆಸ್ ಸ್ಟ್ಯಾನಿಯರ್ ತಲೆಯಾಡಿಸುತ್ತ ಕೇಳುತ್ತಿದ್ದರು.

“ಯಾವತ್ತಾದ್ರೂ ಯಾರಾದ್ರೂ ತಡೆದದ್ದುಂಟಾ?”

“ಇಲ್ವೇ ಇಲ್ಲ,” ಅಂದರು ಬೆರಿಲ್. “ಗೇಟ್ ದಿನ ಒಂದು ಬಿಟ್ಟು.”

“ಗೇಟ್ ದಿನ ಅಂದ್ರೆ?”

ಆಗ ನೋಡಬೇಕಿತ್ತು. ಇಡೀ ಸಭಾಂಗಣಕ್ಕೆ ಜೀವ ಬಂತು. ನಾನು ಹೇಳ್ತೀನಿ, ತಡಿ ನಾನು ಹೇಳ್ತೀನಿ. ಕ್ರಿಸ್‌ಮಸ್ ಮರುದಿನ ಊರೆಲ್ಲ ಗೇಟಿನವರೆಗೆ ಮೆರವಣಿಗೆ. ಗೇಟಿಗೆ ಸರಪಳಿ. ಆಚೆ ಆಂಬ್ರೋಸ್, ಹುಳ ತಿಂದ ಟೋಪಿ, ಸೇಬಿನ ಮದ್ಯ ಬಿಸಿ ಸೈಡರ್ ತುಂಬಿದ ಹಂಡೆ, ಸಿಹಿ ಕಡುಬಿನ ತಟ್ಟೆ. ಅವನು ಕೂಗಬೇಕು, ‘ಇವತ್ತು ಇಲ್ಲ!’ ನಾವು ಕೂಗಬೇಕು, ‘ಹಾಗಾದ್ರೆ ನಾಳೆ?’ ‘ನಾಳೆ ಬನ್ನಿ!’ ಕುಡಿದು, ತಿಂದು, ಎಲ್ಲರೂ ವಾಪಸ್. ನಿನ್ನೆ ಮೊನ್ನೆ ಬಂದ ನಾವೂ — ಹದಿನೆಂಟು ವರ್ಷ ನಿನ್ನೆ ಮೊನ್ನೆಯೇ ಇಲ್ಲಿ — ಅದನ್ನು ಪ್ರೀತಿಸುತ್ತಿದ್ದೆವು. ರೋಮನ್ನರಿಗಿಂತ ಹಳೆಯ ಆಚರಣೆ ಇರಬೇಕು ಅಂತ ನನ್ನ ವಾದ. ಡೆನ್ಜಿಲ್ ರೇಗಿಸುತ್ತಿದ್ದ.

ಅಂಚೆಯ ವಿಲ್ಫ್ರೆಡ್ ಎದ್ದು ಕೂಗಿಯೇ ತೋರಿಸಿದ: “ಇವತ್ತು ಇಲ್ಲ!” ಇಡೀ ಸಭೆ: “ಹಾಗಾದ್ರೆ ನಾಳೆ?” ನಗೆ, ಚಪ್ಪಾಳೆ.

ಮಿಸೆಸ್ ಸ್ಟ್ಯಾನಿಯರ್ ಪೆನ್ನು ಕೆಳಗಿಟ್ಟರು. “ಪ್ರತಿ ವರ್ಷ ಮಾಡ್ತಿದ್ರಾ ಇದನ್ನ?”

“ಆಂಬ್ರೋಸ್ ಇರೋವರೆಗೆ ಒಂದು ವರ್ಷಾನೂ ತಪ್ಪಿಸಿಲ್ಲ!” ಬೆರಿಲ್‌ಗೆ ಎಂಥ ಹೆಮ್ಮೆ. “ಆ ದಿನ ಯಾರೂ ದಾಟೋ ಹಾಗಿಲ್ಲ. ದಾಟಿದ್ರೆ ಅಪಶಕುನ.”

ಹಿಂದಿನ ಸಾಲಿನಲ್ಲಿ ಇಮೋಜೆನ್ ಕಾಲು ಬದಲಿಸಿದಳು.

ಮಿಸೆಸ್ ಸ್ಟ್ಯಾನಿಯರ್ ಮೆಲ್ಲಗೆ ಬಿಡಿಸಿ ಹೇಳಿದರು, ಮನೆಯವರಿಗೆ ಸಾವು ತಿಳಿಸುವ ಹಾಗೆ. ಒಡೆಯ ವರ್ಷಕ್ಕೊಂದು ದಿನ ದಾರಿ ಮುಚ್ಚಿ, ಜನ ಅದನ್ನು ಒಪ್ಪಿ ಹಿಂದಿರುಗಿದರೆ, ಮಿಕ್ಕ ದಿನ ಅವರು ನಡೆದದ್ದು ಅವನ ಅಪ್ಪಣೆಯಿಂದ ಎಂದಾಗುತ್ತದೆ. ಹಕ್ಕಿನಿಂದಲ್ಲ. ಒಂದು ವರ್ಷ ಒಬ್ಬರಾದರೂ ಜಗಳವಾಡಿ ಗೇಟು ದಾಟಿದ್ದರೂ ಏನಾದರೂ ಮಾಡಬಹುದಿತ್ತು...

ಯಾರೂ ದಾಟಿಲ್ಲ. ಸಭ್ಯ ಜನ ನಾವು. ಸಾಲಿನಲ್ಲಿ ನಿಂತು ಕಡುಬು ತಿಂದೆವು.

ಫೆಬ್ರುವರಿ 14

ಇಮೋಜೆನ್ ಅಂಗಡಿಯಲ್ಲಿ ಸಿಕ್ಕಳು. ಕ್ಷಮೆ ಕೇಳುವ ಮುಖ ಅವಳಿಗೆ ಚೆನ್ನಾಗಿ ಒಪ್ಪುತ್ತದೆ.

“ವರ್ಷಕ್ಕೊಂದು ದಿನ ಗೇಟ್ ಮುಚ್ಚೋದು ವಕೀಲರು ಹೇಳಿಕೊಟ್ಟಿದ್ದು, ವೆರಿಟಿ. ಸೈಡರ್ ಮಾತ್ರ ಚಿಕ್ಕಪ್ಪಂದೇ ಐಡಿಯಾ.”

ನನಗೆ ಕಾಡುವುದು ಅದೇ. ಬರಿ ಸರಪಳಿ ಹಾಕಿದ್ದರೆ ಯಾರಾದರೂ ಸಿಡುಕಿ ದಾಟುತ್ತಿದ್ದರು. ಮುದುಕನಿಗೆ ನಾವು ಗೊತ್ತಿದ್ದೆವು. ಬಿಸಿ ಲೋಟ ಕೈಗಿತ್ತರೆ ಇವರು ಯಾವುದನ್ನೂ ದಾಟುವುದಿಲ್ಲ ಎಂದು ಗೊತ್ತಿತ್ತು. ಹಂಡೆಯ ಹಿಂದೆ ನಿಂತು ನಗುತ್ತಿದ್ದ. ಪ್ರೀತಿಯ ನಗೆಯೇ ಅಂದುಕೊಂಡಿದ್ದೆ. ಪ್ರೀತಿಯೂ ಇದ್ದಿರಬಹುದು. ಅದು ಇನ್ನೂ ಕೆಟ್ಟದ್ದು.

ಫೆಬ್ರುವರಿ 27

ಹೊಸ ವ್ಯವಸ್ಥೆ. ನಡೆಯಬೇಕೆನ್ನುವವರು ಆಯಾ ದಿನ ಮನೆಯ ಬಾಗಿಲಿಗೆ ಹೋಗಿ ಕೇಳಬೇಕು. ಇಮೋಜೆನ್ ಬೀಗ ತೆಗೆಸುತ್ತಾಳೆ. ಯಾರಿಗೂ ಇಲ್ಲ ಅನ್ನುವುದಿಲ್ಲವಂತೆ.

ಬೆರಿಲ್ ಎರಡು ಸಲ ಹೋಗಿ ಬಂದಾಯಿತು. “ಕಾಫಿ ಕೂಡ ಕೊಟ್ಲು. ಒಳ್ಳೇ ಬಿಸ್ಕತ್ತು. ಕೇಳಿದ್ರೆ ಏನು ಬಾಯಿ ಸವೆಯುತ್ತಾ?”

“ಕೇಳೋದಿದ್ರೆ ಅದು ದಾರಿ ಅಲ್ಲ ಬೆರಿಲ್. ಅವಳ ಅಂಗಳ.”

“ಅಂಗಳವೋ ದಾರಿಯೋ, ಡೆನ್ಜಿಲ್ ಕಾಲಿಗೆ ಗೊತ್ತಾಗುತ್ತಾ ಹೇಳು.”

ಬಾಗಿಲು ಹಾಕಿದೆ. ಜೋರಾಗಿ ಅಲ್ಲ. ಜೋರಾಗಿ ಹಾಕಲು ಬರುವುದಿಲ್ಲ ನನಗೆ, ಅದೇ ನನ್ನ ಕಾಯಿಲೆ.

ಮಾರ್ಚ್ 20

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನೂ ನಡೆದಿಲ್ಲ. ನಾವೂ ನಡೆದಿಲ್ಲ.

ಇವತ್ತು ಬಿಸಿಲು. ಚರ್ಚಿನ ಹಿಂದಿನ ದಾರಿಯಾದರೂ ನೋಡೋಣ ಎಂದೆ. ಅಲ್ಲಿ ಬೇಲಿ ದಾಟಲು ಎರಡೇ ಮೆಟ್ಟಿಲು. ಕೆಳಗಿಂದ ಎತ್ತಿದರೆ ಆಗುತ್ತದೆ ಅಂದುಕೊಂಡೆ.

ಒಂದು ಕಾಲು ಆಚೆ ಹೋಯಿತು. ಇನ್ನೊಂದು ಬರಲಿಲ್ಲ. ಬೇಲಿಯ ಹಲಗೆಯ ಮೇಲೆ, ಕುದುರೆ ಇಲ್ಲದ ಸವಾರನ ಹಾಗೆ, ಡೆನ್ಜಿಲ್. ಐವತ್ತೆಂಟು ವರ್ಷ. ಬೆಟ್ಟ ಹತ್ತುತ್ತಿದ್ದ ಮನುಷ್ಯ. ನಾನು ಹಿಂದಿನಿಂದ ತಳ್ಳಿದೆ, ಮುಂದೆ ಹೋಗಿ ಎಳೆದೆ. ಅವನ ಕೆನ್ನೆ ನಡುಗುತ್ತಿತ್ತು — ಕಾಯಿಲೆಯೋ, ಇನ್ನೇನೋ.

ಯಾರೋ ಅಪರಿಚಿತ ದಂಪತಿ, ಕೋಲು ಹಿಡಿದು ಬಂದರು. ನಮ್ಮನ್ನು ನೋಡಿದರು. “ಎಂಥಾ ಒಳ್ಳೇ ಬಿಸಿಲು, ಅಲ್ವಾ!” ಅಂದರು.

“ಹೂಂ, ತುಂಬಾ,” ಅಂದೆವು ಇಬ್ಬರೂ.

ಅವರು ಮರ್ಯಾದೆಯಿಂದ ಬೇರೆ ಕಡೆ ತಿರುಗಿ, ಬೇಲಿಯ ಸಂದಿಯಲ್ಲಿ ನುಸುಳಿ ಹೋದರು. ನಾನು ಸಹಾಯ ಕೇಳಲಿಲ್ಲ. ಅವನೂ ಕೇಳಲಿಲ್ಲ.

ಮಾರ್ಚ್ 21

ಮಳೆ. ದೇವರು ದೊಡ್ಡವನು. ಹೋಗದಿರಲು ಕಾರಣ ಬೇಕಿತ್ತು.

ಏಪ್ರಿಲ್ 10

ಕುರ್ಚಿಯಿಂದ ಏಳಲು ಈಗ ನನ್ನ ಎರಡೂ ಕೈ ಬೇಕು. ಜನವರಿಯಲ್ಲಿ ಒಂದು ಸಾಕಿತ್ತು. ನರ್ಸ್ ಬಂದು, ನಡಿಗೆ ನಿಂತದ್ದರಿಂದ ಅಂದಳು. ನನಗೆ ಗೊತ್ತಿಲ್ಲದ್ದೇನೂ ಹೇಳಲಿಲ್ಲ.

ರಾತ್ರಿ ಊಟಕ್ಕೆ ಮೀನು. ಮುಳ್ಳು ಬಿಡಿಸಿ ಕೊಡುತ್ತಿದ್ದೆ.

“ಹೋಗಿ ಕೇಳು, ವೆರಿಟಿ.”

“ಅವಳ ಬಾಗಿಲಿಗಾ? ದಿನಾ? ನಮ್ಮದೇ ದಾರಿಗೆ?”

“ನಮ್ಮದಲ್ಲ ಅಂತ ತೀರ್ಮಾನ ಆಯ್ತಲ್ಲ.”

“ಮೋಸದಿಂದ.”

“ಇರ್ಲಿ. ನಾನಂತೂ ಕಡುಬು ತಿಂದಿದೀನಿ, ಚೆನ್ನಾಗಿತ್ತು.”

ನಾನು ನಗಲಿಲ್ಲ. ಅವನು ಚಮಚ ಕೆಳಗಿಟ್ಟ. ಇಡಲು ತುಂಬ ಹೊತ್ತು ಹಿಡಿಯಿತು.

“ನಿನ್ನ ಸ್ವಾಭಿಮಾನದ ಕಾಲು ಗಟ್ಟಿಯಾಗಿದೆ ಕಣೇ. ನನ್ನ ಕಾಲು ಗಟ್ಟಿಯಿಲ್ಲ.”

ಸೋಲುವುದನ್ನು ಸೌಜನ್ಯ ಅಂತ ಕರೆದು ಕರೆದೇ ಈ ಊರು ಹೀಗಾಗಿದೆ, ಒಬ್ಬಳಾದರೂ ಕೇಳದೆ ಉಳಿಯಬೇಡವೇ ಎಂದೆಲ್ಲ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಅವನು ಅರ್ಧದಲ್ಲಿ ಕಣ್ಣು ಮುಚ್ಚಿದ.

ನಾನು ಹೇಳಿದ್ದು ಸರಿ. ಈಗಲೂ ಸರಿ. ಪಾತ್ರೆ ತೊಳೆದೆ.

ಏಪ್ರಿಲ್ 12, ಬೆಳಿಗ್ಗೆ

ಅಂಗಡಿಗೆ ಹೋಗಿ ಬಂದೆ. ಕುರ್ಚಿ ಖಾಲಿ. ಬೂಟು ಇಲ್ಲ. ಬಚ್ಚಲು, ಹಿತ್ತಲು — ಎಲ್ಲೂ ಇಲ್ಲ. ಬೂಟಿನ ದಾರ ಯಾರು ಕಟ್ಟಿದರು?

ಬಾಗಿಲು ಬಡಿದದ್ದು ಬೆರಿಲ್. ಹೊರಗೆ ಕಾರು, ಎಂಜಿನ್ ಆರಿಸಿಲ್ಲ. ಒಳಗೆ ಬನ್ನಿ ಅಂದೆ, ಬರಲಿಲ್ಲ. ಒಂದು ನಿಮಿಷ, ಕೋಟು ತರುತ್ತೇನೆ ಅಂತ ಸುಳ್ಳು ಹೇಳಿ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಕೋಟು ಮೈಮೇಲೇ ಇದೆ. ಅವರು ಇನ್ನೂ ಅಲ್ಲೇ ನಿಂತಿದ್ದಾರೆ, ಕಾಲೊರಸಿನ ಮೇಲೆ. ಅವರು ಹೇಳಿದ್ದು ಇಷ್ಟೆ:

“ನನ್ನ ಮೇಲೆ ಸಿಟ್ಟಾಗ್ಬೇಡ. ಫೋನ್ ಮಾಡಿದ್ದು ಅವನೇ, ಕರ್ಕೊಂಡು ಹೋದೆ. ಇಮೋಜೆನ್ ಬಾಗಿಲಲ್ಲಿ ಟೋಪಿ ತೆಗೆದು ಕೇಳ್ದ ಕಣಮ್ಮ. ಈಗ ಗೇಟ್ ಹತ್ರ ನಿಂತಿದಾನೆ, ಬೀಗ ತೆಗ್ದಿದೆ, ಕಾಲು ಬರ್ತಿಲ್ಲ. ನನ್ನ ಕೈ ಬೇಡ್ವಂತೆ. ನೀನು ಬಾ. ನಿನ್ನನ್ನೂ ಸೇರ್ಸೇ ಅಪ್ಪಣೆ ಕೇಳಿದಾನೆ.”