ಡಾಕ್ಟರಮ್ಮನ ಗಡ್ಡೆ

೭-೬-೮೩, ಮಂಗಳವಾರ

ಬೆಳಿಗ್ಗೆ ಮತ್ತೆ ಗಡ್ಡೆ ತಂದೆ. ಸೈಕಲ್ಲು, ಐಸ್ ತುಂಬಿದ ಅಗಲ ಬಾಯಿಯ ಫ್ಲಾಸ್ಕು. ಸೋಮವಾರ ಬೇಡವೇ ಬೇಡವೆಂದು ನನ್ನ ಹೆಂಡತಿ ನೀಲಕ್ಕ ಹಟ ಹಿಡಿದ ಮೇಲೆ ಮಂಗಳವಾರವೇ ಖಾಯಂ. ಮಾಂಸದಂಗಡಿಯ ನೂರ್‌ಜಹಾನ್ ದೂರದಿಂದಲೇ ಕೂಗಿದಳು.

“ಬನ್ನಿ ಸಾಮಿ, ಡಾಕ್ಟರಮ್ಮನ ಗಡ್ಡೆ ತೆಗ್ದಿಟ್ಟಿದೀನಿ! ಕೊರಳಲ್ಲಿ ಲಿಂಗ, ಕೈಯಲ್ಲಿ ಮಟನ್ನು... ನಿಮ್ಮೋರು ನೋಡಿದ್ರೆ ಏನಂತಾರೆ?”

“ನೋಡ್ಲಿ ಬಿಡವ್ವ. ತಿನ್ನಾಕಲ್ಲ, ಕಲಿಯಾಕ.”

ನಕ್ಕಳು. ನಾನೂ ನಕ್ಕೆ. ಗಡ್ಡೆ ಅಂದರೆ ಥೈಮಸ್ಸು. ಎಳೆ ಮರಿಯ ಎದೆಯೊಳಗೆ, ಗಂಟಲಿಗೆ ಹತ್ತಿರ. ಬೆಳ್ಳಗೆ, ಮೆತ್ತಗೆ. ಮನೆಯ ಹೊರಗಿನ ಕಟ್ಟೆಯ ಮೇಲೆ ಇಟ್ಟೆ. ಒಳಗೆ ತರುವಂತಿಲ್ಲ — ನೀಲಕ್ಕನ ಕಾನೂನು. ಡಾಕ್ಟರೇಟ್ ಮಾಡುತ್ತಿರುವ ಪಾರವ್ವ, ನೀಲಕ್ಕನ ತಂಗಿಯ ಮಗಳು, ಸ್ನಾನ ಮುಗಿಸಿ ಅಲ್ಲಿಂದಲೇ ಎತ್ತಿಕೊಂಡು ಹೆಬ್ಬಾಳದ ಲ್ಯಾಬಿಗೆ ಬಸ್ಸು ಹತ್ತಿದಳು.

೧೦-೬-೮೩

ಪಾರವ್ವನ ಜೆರಾಕ್ಸ್ ಹಾಳೆ ಓದಲು ಕೂತೆ. ಯಶವಂತಪುರದ ಕಾರ್ಖಾನೆಯಿಂದ ರಿಟೈರಾದ ಮೇಲೆ ಇದೇ ನನ್ನ ಕಾಲೇಜು. ‘ಹಿಸ್ಟೋನ್’ ನನ್ನ ಡಿಕ್ಷನರಿಯಲ್ಲಿ ಇಲ್ಲ. ಕೇಳಿದೆ. ಅವಳು ದೊಡ್ಡವ್ವನ ಹೊಲಿಗೆ ಡಬ್ಬಿಯಿಂದ ಒಂದು ರೀಲು ತಂದಳು.

“ದಾರ ಡಿಎನ್ಎ ಅಂತ ತಿಳೀರಿ, ದೊಡ್ಡಪ್ಪ. ಅದನ್ನ ಸುತ್ತಿಟ್ಟ ಈ ರೀಲು ಹಿಸ್ಟೋನ್. ನೀವು ತರೋ ಗಡ್ಡ್ಯಾಗಿಂದ ತಗೀತೀವಿ. ಕ್ಯಾನ್ಸರಿನ ಒಂದು ಪ್ರೋಟೀನು ಬಂದು ಈ ರೀಲನ್ನ ಹಿಡ್ಕೊಂತೈತೇನು? ಅದ ನನ್ನ ಪ್ರಶ್ನೆ.”

“ಹಿಡ್ಕೊಂತು ಅಂತ ಹೆಂಗ ಗೊತ್ತಾಗೋದು?”

“ಎರಡನ್ನೂ ಕೂಡಿಸಿ ಮಷೀನಿನ್ಯಾಗ ಗರಗರ ತಿರುಗಸ್ತೀವಿ. ಹಿಡ್ಕೊಂಡಿದ್ರ ಪ್ರೋಟೀನು ರೀಲಿನ ಜೋಡಿ ತಳಕ್ಕ ಬೀಳತೈತಿ. ಇಲ್ಲಾಂದ್ರ ನೀರಿನ್ಯಾಗ ಮ್ಯಾಲೇ ಉಳಿತೈತಿ.”

ಬೀಳುತ್ತಿದೆಯಂತೆ. ಜನವರಿಯಿಂದ ಪ್ರತಿ ಸಲ. ಅವಳ ಗೈಡು ಚನ್ನಕೇಶವ ಅವರು ಸೆಪ್ಟೆಂಬರಿನ ಹೈದರಾಬಾದ್ ಸಮ್ಮೇಳನಕ್ಕೆ ಹೆಸರು ಕಳಿಸಿಬಿಟ್ಟಿದ್ದಾರೆ. ನೀಲಕ್ಕ ಒಳಗಿನಿಂದ, “ಈರವ್ವ ಇದ್ದಿದ್ರ...” ಅಂದಳು. ಅವಳ ತಂಗಿ, ಪಾರವ್ವನ ತಾಯಿ, ಎದೆಯ ಗಡ್ಡೆಯಲ್ಲೇ ಹೋದಳು. ಆಗ ಪಾರವ್ವ ಇನ್ನೂ ಬಿ.ಎಸ್ಸಿ.

೧೯-೭-೮೩, ಮಂಗಳವಾರ

ನೀಲಕ್ಕ ಗದಗಿಗೆ ಹೋಗಿ ಎರಡು ವಾರ ದಾಟಿತು. ಅಣ್ಣನ ಮೊಮ್ಮಗುವಿಗೆ ತೊಟ್ಟಿಲು. ಅನ್ನ ಸಾರು ನನ್ನದೇ. ಪಾರವ್ವ ತುತ್ತು ಮುಟ್ಟಲಿಲ್ಲ.

ಪ್ರೋಟೀನು ತಳಕ್ಕೆ ಬೀಳುತ್ತಿಲ್ಲ. ಹೋದ ವಾರವೂ ಇಲ್ಲ, ಈ ವಾರವೂ ಇಲ್ಲ.

೨೯-೭-೮೩

ಇವತ್ತು ಗೈಡು ಎಲ್ಲರೆದುರು ಕೇಳಿದರಂತೆ: “ಅವಾಗೆಲ್ಲಾ ಬಂತು, ಇವಾಗ ಬರ್ತಿಲ್ಲ ಅಂದ್ರೆ ಏನಮ್ಮಾ ಅರ್ಥ? ನಂಬರ್ ನೀನೇ ಬರ್ಕೊಂಡ್ಯಾ?”

ಅವಳು ಹೇಳಿದ್ದು ಇಷ್ಟೇ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ಬಹಳ ಹೊತ್ತು ನೀರಿನ ಸದ್ದು.

ಕಳ್ಳಿ ಅಂದನಲ್ಲ, ಪುಣ್ಯಾತ್ಮ. ಹೆಸರು ಕಳಿಸುವಾಗ ‘ನಾವು’. ಈಗ ‘ನೀನು’.

೯-೮-೮೩, ಮಂಗಳವಾರ, ಸಂಜೆ

ಬಿತ್ತು! ತಳಕ್ಕೆ ಬಿತ್ತು! ಪಾರವ್ವ ಬಸ್ಸಿಳಿದು ಓಡಿಯೇ ಬಂದಳು. ಭಾನುವಾರ ಊರಿಂದ ಬಂದ ನೀಲಕ್ಕ ಗೋಧಿ ಹುಗ್ಗಿ ಮಾಡಿದಳು. “ನಾ ಬಂದೆ ನೋಡು, ಎಲ್ಲಾ ಸುದ್ದ ಆತು” ಅಂದಳು. ಮೂವರೂ ನಕ್ಕೆವು.

೧೬-೮-೮೩, ಮಂಗಳವಾರ

ಫ್ಲಾಸ್ಕು ಕಟ್ಟೆಯ ಮೇಲಿಟ್ಟು ಪೇಪರಿಗೆ ಹೊರಟವನು ಕನ್ನಡಕ ಮರೆತು ತಿರುಗಿ ಬಂದೆ. ನೀಲಕ್ಕ ಫ್ಲಾಸ್ಕಿನ ಮುಚ್ಚಳ ತೆಗೆದಿದ್ದಳು. ಎಡಗೈಯಲ್ಲಿ ವಿಭೂತಿ ಉಂಡೆ. ಉಗುರಿನಿಂದ ಕೆರೆದು, ಮೂರು ಬೆರಳಲ್ಲಿ ಗಡ್ಡೆಯ ಮೇಲೆ ಹಚ್ಚುತ್ತಿದ್ದಳು. ಹಸುಗೂಸಿನ ಹಣೆಗೆ ಹಚ್ಚುವ ಹಾಗೆ.

“ಏನಿದು?”

“ಹೊಸಾದೇನಲ್ರಿ. ಮೊದಲಿಂದ ಹಚ್ಚತೀನಿ. ಎಳೀ ಮರಿ ಜೀವ, ಪಾಪ. ಮ್ಯಾಲೆ ನಮ್ಮ ಈರವ್ವನ್ನ ತಿಂದ ರೋಗದ ಕೆಲಸ. ಕೈಗೂಡಲಿ ಅಂತ.”

ಕನ್ನಡಕ ಹಾಕಿಕೊಂಡು ಅಲ್ಲೇ ಕೂತೆ. ಅವಳು ಗದಗಿನಲ್ಲಿದ್ದಾಗ ಬೀಳಲಿಲ್ಲ. ಬಂದ ಮೇಲೆ ಬಿತ್ತು.

ಹಾಗಿರದಿರಲಿ.

೧೮-೮-೮೩

ಬಸ್‌ಸ್ಟಾಪಿನಲ್ಲಿ ಪಾರವ್ವನಿಗೆ ಹೇಳಿದೆ. ಬಸ್ಸು ಬಂತು, ಹೋಯಿತು. ಹತ್ತಲಿಲ್ಲ. ಕೊನೆಗೆ, “ದೇವರ ಜಗಲಿ ಮ್ಯಾಲಿನ ವಿಭೂತಿ ಒಂದೀಟು ಪುಡಿ ಮಾಡಿ ಕೊಡ್ರಿ” ಅಂದಳು. ಮನೆಗೆ ಹೋಗಿ ಕಾಗದದಲ್ಲಿ ಪೊಟ್ಟಣ ಕಟ್ಟಿ ತಂದು ಕೊಟ್ಟೆ. ದೇವಸ್ಥಾನದಿಂದ ಬರುವವರ ಹಾಗೆ ಹಿಡಿದುಕೊಂಡು ಹೋದಳು.

೧೯-೮-೮೩

“ಹಿಸ್ಟೋನ್ ಬೇಕ ಆಗಲಿಲ್ಲ, ದೊಡ್ಡಪ್ಪ. ಬರೇ ಬೂದಿ, ಬರೇ ಪ್ರೋಟೀನು. ಬೂದಿಗೇ ಅಂಟಿಕೊಂಡು ತಳಕ್ಕ ಬಿತ್ತು.”

ಅಷ್ಟು ತಿಂಗಳು ಹಿಡಿದುಕೊಂಡಿದ್ದು ರೀಲನ್ನಲ್ಲ, ನಮ್ಮ ಮನೆಯ ವಿಭೂತಿಯನ್ನು.

“ದೊಡ್ಡವ್ವಗ ಹೇಳಬ್ಯಾಡ್ರಿ” ಅಂದಳು. “ಆಣಿ ಮಾಡ್ರಿ.”

ಮಾಡಿದೆ.

೨೪-೮-೮೩

ಗೈಡಿಗೆ ತಾನೇ ಹೋಗಿ ನಿಜ ಹೇಳಿದಳು. ಕಳ್ಳಿ ಅನ್ನುವುದನ್ನಾದರೂ ಬಿಡುತ್ತಾನೆಂದು ನಾನು ಎಣಿಸಿದ್ದೆ. ಬಿಟ್ಟ. ಅದಕ್ಕಿಂತ ಕೆಟ್ಟದ್ದು ಹಿಡಿದ. ಟೀ ಹೊತ್ತಿನಲ್ಲಿ ಎಲ್ಲರಿಗೂ ಹೇಳಿದನಂತೆ, ಹೊಟ್ಟೆ ಹಿಡಿದುಕೊಂಡು ನಗುತ್ತ. ಈಗ ಇವಳು ಕಾರಿಡಾರಿನಲ್ಲಿ ಹೋದರೆ ಹುಡುಗರು, “ಏನ್ ಗುರು, ಇವತ್ತು ಪೂಜೆ ಆಯ್ತಾ?” ಅನ್ನುತ್ತಾರೆ — ಅವಳಿಗಲ್ಲ, ಅವಳಿಗೆ ಕೇಳಿಸುವ ಹಾಗೆ. ಹೈದರಾಬಾದಿನ ಹೆಸರು ವಾಪಸ್ಸು.

ಗೈಡು ಕೊಟ್ಟದ್ದು ಒಂದೇ ಅವಕಾಶ. ಸೆಪ್ಟೆಂಬರ್ ಆರರಂದು ಅವನೆದುರೇ ಶುದ್ಧ ಗಡ್ಡೆ, ಜುಲೈಗಿಂತ ಉಪ್ಪು ಕಡಿಮೆ ಮಾಡಿದ ನೀರಿನಲ್ಲಿ. ಅದರಲ್ಲಿ ಸ್ವಲ್ಪವಾದರೂ ಹಿಡಿದರೆ ಮುಂದುವರಿಯಬಹುದು. ಇಲ್ಲವಾದರೆ ವಿಷಯ ಬಿಡಬೇಕು. ಹೊಸದಾಗಿ ಶುರು ಮಾಡಲು ಫೆಲೋಶಿಪ್ಪಿನ ಕಾಲ ಉಳಿದಿಲ್ಲ.

೩೦-೮-೮೩, ಮಂಗಳವಾರ

ತಾಲೀಮು ಇರಲಿ ಅಂತ ಇವತ್ತು ಗಡ್ಡೆಯನ್ನು ಮನೆಗೆ ತರದೆ ನೇರ ಹೆಬ್ಬಾಳಕ್ಕೆ ಸೈಕಲ್ ತುಳಿದೆ. ಏರಿನಲ್ಲಿ ಎದೆ ಹೊಡೆದುಕೊಂಡಿತು. ಮನೆಗೆ ಬಂದರೆ ನೀಲಕ್ಕ ಬಾಗಿಲಲ್ಲಿ ವಿಭೂತಿ ಹಿಡಿದು ನಿಂತಿದ್ದಾಳೆ.

“ಇತ್ಲಾಗ ಯಾಕ ಬರಲಿಲ್ಲ?”

“ಲೇಟಾತು.”

“ಪಾರಿ ಬಾಡಿದ ಮಾರಿ ನೋಡಾಕಾಗವಲ್ದು. ಇಂಥಾ ಹೊತ್ತಿನ್ಯಾಗ ನೀವು ವಿಭೂತಿ ತಪ್ಪಸ್ತೀರಿ. ಬುದ್ಧಿ ಐತೇನ್ರಿ ನಿಮಗ?”

ಇಲ್ಲ ಅಂದೆ. ನಿಜವೇ ಇರಬಹುದು.

೬-೯-೮೩, ಮಂಗಳವಾರ, ಬೆಳಿಗ್ಗೆ

ಹೊರಡುವ ಮುಂಚೆ ಇಷ್ಟು ಬರೆಯುತ್ತೇನೆ. ಕೈ ಇನ್ನೂ ಒದ್ದೆ.

ಫ್ಲಾಸ್ಕಿಗೆ ಐಸ್ ತುಂಬಲು ಮುಚ್ಚಳ ತೆಗೆದೆ. ಒಳಗೆ ಗೋಡೆಗೆಲ್ಲ ಬೆಳ್ಳಗೆ ಬಳಿದಿತ್ತು. ಚಿಟಿಕೆಯಲ್ಲ. ಇಡೀ ಉಂಡೆ ಕೆರೆದಿದ್ದಾಳೆ. ನನ್ನನ್ನು ನಂಬದೆ ನನಗಿಂತ ಮುಂಚೆ ಎದ್ದಿದ್ದಾಳೆ, ಪಾಪ. ನಲ್ಲಿಗೆ ಒಡ್ಡಿ ಉಜ್ಜಿದೆ. ಬಿಳಿ ನೀರು ಬರುತ್ತಲೇ ಇತ್ತು. ಮತ್ತೆ ಉಜ್ಜಿದೆ.

ಹಿಂದೆ ಬಳೆ ಸದ್ದು. ತಿರುಗಿದೆ. ನೀಲಕ್ಕ. ಮೋರಿಗೆ ಹರಿಯುವ ನೀರನ್ನೇ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ಪಾರವ್ವ, ನನ್ನತ್ತ ತಲೆ ಅಲ್ಲಾಡಿಸುತ್ತ — ಬೇಡ, ಬೇಡ.

“ಯಾಕ್ರೀ?” ಅಂದಳು ನೀಲಕ್ಕ. “ನಾ ಏನ್ ಮಾಡೀನ್ರೀ?”

ನಾನು ನಲ್ಲಿ ನಿಲ್ಲಿಸಿ, “ನೀ ಏನೂ ಮಾಡಿಲ್ಲ, ಬರೇ ಐಸ್ ಹಾಕಾಕ ತೊಳದೆ” ಅಂದೆ; ಆಣೆ ಉಳಿಯಿತು.