ತೊಳೆದ ಸೊಪ್ಪಿನಲ್ಲಿ ಬೂಷ್ಟು

ನೆಲಮಂಗಲ, ಮಂಗಳವಾರ

ಅತ್ತಿಗೆ,

ನಾನು ಕೆಲಸ ಕಲಿಯೋಕೆ ಬಂದಿರೋ ಈ ಲ್ಯಾಬಿನಲ್ಲಿ ಒಂದು ವಿಚಿತ್ರ ನೋಡ್ದೆ. ನಮ್ಮ ತೋಟದಿಂದ ತಂದ ಹಿಪ್ಪುನೇರಳೆ ಸೊಪ್ಪನ್ನ, ರೇಷ್ಮೆ ಹುಳು ಮನೆ ಬಾಗಿಲಲ್ಲಿ ನಾವು ಕೈ ತೊಳೀತೀವಲ್ಲ, ಅಂಥದೇ ಬ್ಲೀಚಿಂಗ್ ನೀರಲ್ಲಿ ತೊಳೆದು, ಚೂರು ಮಾಡಿ, ಗಾಜಿನ ತಟ್ಟೆಯಲ್ಲಿಟ್ಟು ಮುಚ್ಚಿದ್ದೆ. ವಾರ ಕಳೆದು ನೋಡಿದರೆ ಪ್ರತಿ ಚೂರಿನ ಅಂಚಿಂದಲೂ ಬೂಷ್ಟು ಎದ್ದಿದೆ. ಬಿಳೀದು, ಕಪ್ಪು, ಬೂದಿ ಬಣ್ಣದ್ದು, ಒಂದು ನಸುಗೆಂಪು. ಒಂದೇ ಎಲೆಯಲ್ಲಿ ಒಂಬತ್ತು ಜಾತಿ! ಸರಿಯಾಗಿ ತೊಳೆದಿಲ್ಲವೇನೋ ಅಂತ ಹೆದರಿಬಿಟ್ಟೆ. ಮೇಡಂ, ಕೊನೇ ಸಲ ತೊಳೆದ ನೀರು ಹಾಕಿಟ್ಟಿದ್ದ ತಟ್ಟೆ ತೋರಿಸಿದರು. ತೊಳೆದದ್ದು ಸಾಲದಿದ್ದರೆ ಅದರಲ್ಲೂ ಬೂಷ್ಟು ಬರಬೇಕಿತ್ತು, ಏನೂ ಬೆಳೆದಿರಲಿಲ್ಲ. "ಇವು ಹೊರಗಿಂದ ಬಂದಿದ್ದಲ್ಲಮ್ಮ. ಚೆನ್ನಾಗಿರೋ ಗಿಡದ ಒಳಗೇ ಇರ್ತವೆ, ಅದಕ್ಕೇನೂ ತೊಂದರೆ ಮಾಡಲ್ಲ. ಎಲೆ ಕಿತ್ತು ಬಾಡಿದ ಮೇಲೆ ಹೊರಗೆ ಬರ್ತವೆ" ಅಂದರು.

ಯುಗಾದಿ ಹೊತ್ತಲ್ಲಿ ಒದ್ದೆ ಗೋಣಿಯೊಳಗಿದ್ದ ಸೊಪ್ಪು ಬೂಷ್ಟು ಹಿಡಿದಾಗ, ಕೈ ತೊಳೀದೆ ಮುಟ್ಟಿದ್ದಾಳೆ ಅಂತ ಅಮ್ಮ ಬೀದಿಗೆಲ್ಲ ಕೇಳೋ ಹಾಗೆ ನಿಮ್ಮನ್ನ ಬೈದಳು. ಅವತ್ತಿಂದ ನಿಮ್ಮನ್ನ ಹುಳು ಮನೆಗೆ ಸೇರಿಸಿಲ್ಲ. ನೀವು ಕೈ ತೊಳೆದಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ಮತ್ತೆ ಬೂಷ್ಟು ಎಲ್ಲಿಂದ ಬಂತು ಅಂದರೆ ಏನು ಹೇಳಲಿ ಅಂತ ಬಾಯಿ ಬಿಡಲಿಲ್ಲ. ತಪ್ಪಾಯ್ತು.

ಇಲ್ಲಿನ ನೀರು ಒಗ್ಗದೆ ನೆಗಡಿಯಾಗಿದೆ. ಜ್ವರ ಇಲ್ಲ.

ಫೋನಲ್ಲಿ ಹೇಳಿದರೆ ನಿಮಗೊಬ್ಬರಿಗೇ ಕೇಳಿಸುತ್ತೆ, ಅದಕ್ಕೇ ಕಾರ್ಡು ಹಾಕ್ತಿದೀನಿ. ಪೋಸ್ಟಿನ ರಾಮಾಂಜಿನಪ್ಪಣ್ಣ, ನೀನು ಇಷ್ಟೊತ್ತಿಗೆ ಓದಿರ್ತೀಯ. ಬೀದಿಯಲ್ಲೇ ನಿಂತು ಇನ್ನೊಂದು ಸಲ ಗಟ್ಟಿಯಾಗಿ ಓದು.

ಯಶಸ್ವಿನಿ