ಕೆಂಪಿ ವಾಪಸ್ ಹೋಗುವುದಿಲ್ಲ

ಲೇ ಹುಲುಗೇಶ,

ನಾನು ಸಿರುಗುಪ್ಪಕ್ಕೆ ಡ್ಯೂಟಿಗೆ ಹೊರಟೆ. ನೀನು ನಾಯಿ ಆಶ್ರಯಕೇಂದ್ರಕ್ಕೆ ಫೋನ್ ಮಾಡಿ, "ಕೆಂಪಿ ಗುರ್ ಅಂತೈತ್ರಿ, ವಾಪಸ್ ಕರ್ಕೊಂಡು ಹೋಗ್ರಿ" ಅಂದದ್ದು ಕೇಳಿಸಿತು. "ಅಕ್ಕಾ, ನಾನ ನೋಡ್ಕೊಂತೀನಿ" ಎಂದು ಗೋಗರೆದು ತಂದವನು ನೀನೇ. ಒಂದು ದಿನವಾದರೂ ಅನ್ನ ಹಾಕಿದ್ದೀಯಾ?

ನಿನ್ನ ಕೈಯಲ್ಲಿ ಸರಪಳಿ ಕಂಡರೆ ಅದು ಗುರ್ ಎನ್ನುತ್ತದೆ. ಹಿಂದಿನ ಮಾಲೀಕ ಸರಪಳಿಯಿಂದಲೇ ಹೊಡೆಯುತ್ತಿದ್ದನೆಂದು ಅಲ್ಲಿಯವರು ಹೇಳುವಾಗ ನೀನು ಮೊಬೈಲ್ ನೋಡುತ್ತಿದ್ದೆ. ಆ ಸರಪಳಿ ಈಗ ನನ್ನ ಬ್ಯಾಗಿನಲ್ಲಿದೆ, ಹುಡುಕಬೇಡ.

ಕುಕ್ಕರಿನಲ್ಲಿ ಉಪ್ಪಿಲ್ಲದ ಅನ್ನವಿದೆ, ಮೊಸರು ಕಲಸು. ತಟ್ಟೆ ಇಟ್ಟು ಓಡದೆ, ನೆಲದ ಮೇಲೆ ಕೂತು ಕೈಯಿಂದ ತಿನ್ನಿಸು. ಕೇಂದ್ರದವರಿಗೆ ಬರಬೇಡಿ ಎಂದು ಹೇಳಿದ್ದೇನೆ.

ಇಷ್ಟೆಲ್ಲ ನಾನು ಮಾಡಿದರೂ ಅದು ದಿನಾ ಹೋಗಿ ಮಲಗುವುದು ನಿನ್ನ ಕೋಣೆಯ ಬಾಗಿಲಲ್ಲಿ.

ನಂದಿನಿ